ಜಟ್ಟೆಪ್ಪನ ಕೈಮಾತು

ಭಿವಂಡಿಯ ಪಕ್ಕದ ಕಲ್ಯಾಣದ ಪೂರ್ವದಲ್ಲಿ, ಗೂಡ್ಸ್ ಯಾರ್ಡಿನ ಗೋಡೆಗೆ ಬೆನ್ನು ಕೊಟ್ಟು ನಿಂತ ಹಳೆಯ ಕಟ್ಟಡವೊಂದರ ಎರಡನೆಯ ಮಾಳಿಗೆಯಲ್ಲಿ ಮೂವರು ವಾಸವಾಗಿದ್ದರು. ಮೂವರ ದನಿಯೂ ದೊಡ್ಡದು. ಹಗಲಿರುಳು ವ್ಯಾಗನ್ನುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವ ಜಾಗದಲ್ಲಿ ಮೆಲ್ಲಗೆ ಮಾತಾಡುವವರಿಗೆ ಊಟಕ್ಕೆ ಉಪ್ಪೂ ಸಿಗುವುದಿಲ್ಲ. ಕೂಗಿಯೇ ಕೇಳಬೇಕು. ಹಾಗೆ ಕೂಗಿ ಕೂಗಿ, ಆ ಮನೆಯಲ್ಲಿ ಜಗಳ ಯಾವುದು, ಬರಿಯ ಮಾತು ಯಾವುದು ಅಂತ ಪಕ್ಕದ ಮನೆಯ ಮರಾಠಿಯಾಕೆ ಸಾವಂತ ಕಾಕುವಿಗೂ ತಿಳಿಯುತ್ತಿರಲಿಲ್ಲ.

ಅಂಥ ಮನೆ ಮೂರು ವಾರದಿಂದ ತಣ್ಣಗಾಗಿಬಿಟ್ಟಿತ್ತು.

ಆಗಿದ್ದು ಇಷ್ಟು. ಚಂದ್ರಬಾಯಿ ಒಳಗಿನ ಬಚ್ಚಲ ಮೋರಿಯಲ್ಲಿ ಕೂತು ಬಟ್ಟೆ ಒಗೆಯುವಾಗ ಏಳಲು ಹೋಗಿ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಬಿದ್ದಲ್ಲಿಂದಲೇ ಗಂಡನನ್ನು ಕೂಗಿದಳು, ಒಂದು ಸಲವಲ್ಲ, ಹತ್ತು ಸಲ. ಗಂಡ ಜಟ್ಟೆಪ್ಪ ಎಂಟು ಹೆಜ್ಜೆಯಾಚೆ, ಹೊರಗಿನ ಕೋಣೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ತಂಬಾಕು ತಿಕ್ಕುತ್ತಿದ್ದ. ಅವನು ಏಳಲಿಲ್ಲ. ಗೋಡೆಯಾಚೆಯಿಂದ ಕೇಳಿಸಿಕೊಂಡ ಸಾವಂತ ಕಾಕುವೇ ಬಾಗಿಲು ದೂಡಿಕೊಂಡು ಬಂದು ಎತ್ತಬೇಕಾಯಿತು. ಪ್ಲಾಸ್ಟರು ಹಾಕಿಸಿಕೊಂಡು ಬಂದ ಚಂದ್ರಬಾಯಿ ಅವತ್ತಿನಿಂದ ಗಂಡನ ಜೊತೆ ಮಾತು ಬಿಟ್ಟಳು. ಮಗಳ ಮುಂದೆ ಮಾತ್ರ ಒಮ್ಮೆ ಬಾಯಿ ತೆರೆದಳು.

"ಗ್ವಾಡಿ ಸೈತ ಓ ಅಂತಿತ್ತು ದಾನಿ, ಈ ಮನಷಾ ಅನ್ನಲಿಲ್ಲ. ನಾ ಸೋಲಾಪುರಕ್ಕ ಹೋಗ್ತೀನಿ, ನಮ್ಮಣ್ಣನ ಕಡೆ."

"ಎಷ್ಟು ದಿನಕ್ಕ ಅವ್ವಾ?"

"ದಿನಾ ಎಣಿಸಿ ಹೋಗೂದಲ್ಲ ಇದು."

ಅಣ್ಣನ ಮಗ ಸೋಲಾಪುರದಿಂದಲೇ ಟಿಕೀಟು ತೆಗೆದು ಮೊಬೈಲಿಗೆ ಕಳಿಸಿದ್ದ. ಬರುವ ಗುರುವಾರ ರಾತ್ರಿಯ ಗಾಡಿ. ಚಂದ್ರಬಾಯಿ ಒಂದೇ ಕೈಯಲ್ಲಿ ಸೀರೆ ಮಡಚುವುದನ್ನು ಕಲಿತಿದ್ದಳು: ಸೆರಗಿನ ತುದಿಯನ್ನು ಗದ್ದದ ಕೆಳಗೆ ಒತ್ತಿ ಹಿಡಿಯುವುದು, ಎಡಗೈಯಿಂದ ಉದ್ದಕ್ಕೆ ಎಳೆಯುವುದು, ಮೊಣಕಾಲಿಗೆ ಒತ್ತಿ ಮಡಚುವುದು. ದಿನಕ್ಕೆ ಎರಡು ಸೀರೆ ಮಡಚಿ ಬ್ಯಾಗಿಗೆ ಇಡುತ್ತಿದ್ದಳು. ಅದನ್ನು ನೋಡಲಾರದೆ ಮಗಳು ದಾನೇಶ್ವರಿ ಹೊರಗಿನ ಕೋಣೆಗೆ ಎದ್ದುಹೋಗುತ್ತಿದ್ದಳು. ಇಪ್ಪತ್ತೈದರ ಹುಡುಗಿ, ಐರೋಲಿಯ ಆಫೀಸೊಂದರಲ್ಲಿ ವಿಮೆಯ ಅರ್ಜಿಗಳನ್ನು ತೆರೆದು ನೋಡುವ ಕೆಲಸ. ಮುರಿದ ಕೈಕಾಲುಗಳ ಫೋಟೋಗಳನ್ನು ದಿನಕ್ಕೆ ಎಂಬತ್ತು ನೋಡುತ್ತಾಳೆ. ಮುರಿದ ಮನೆಯನ್ನು ಯಾವ ಫಾರ್ಮಿನಲ್ಲಿ ತುಂಬಬೇಕೋ ಅವಳಿಗೆ ಗೊತ್ತಿರಲಿಲ್ಲ.

ಅಪ್ಪನ ಮೇಲೆ ಅವಳಿಗೂ ಸಿಟ್ಟಿತ್ತು. ಜಟ್ಟೆಪ್ಪ ಇಂಡಿ ತಾಲೂಕಿನಿಂದ ಹದಿನೇಳನೆಯ ವಯಸ್ಸಿಗೆ ಹೊರಟು, ಸೋಲಾಪುರದ ಮಗ್ಗಗಳಲ್ಲಿ ಕೈ ಪಳಗಿಸಿಕೊಂಡು, ಭಿವಂಡಿಯ ಪವರ್‌ಲೂಮ್ ಕಾರ್ಖಾನೆಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಬಟ್ಟೆ ನೇಯ್ದವನು. ಮಾಲೀಕ ಮಗ್ಗಗಳನ್ನು ಗುಜರಿಗೆ ಹಾಕಿದ ಮೇಲೆ ಅದೇ ರಸ್ತೆಯ ದೊಡ್ಡ ಗೋದಾಮಿನ ಗೇಟಿನಲ್ಲಿ ರಾತ್ರಿ ಪಾಳಿಯ ವಾಚಮನ್ ಆದ. ಗೇಟಿನಲ್ಲಿ ಟ್ರಕ್ಕು ಹಾರ್ನ್ ಹೊಡೆದರೆ ಅವನಿಗೆ ಕೇಳುತ್ತದೆ. ಹಳೆಯ ಗೆಳೆಯರು ಬಂದರೆ ಎದುರಿಗೆ ಕೂರಿಸಿಕೊಂಡು ಗಂಟೆಗಟ್ಟಲೆ ಹರಟುತ್ತಾನೆ. ಹೆಂಡತಿ ಕರೆದರೆ ಮಾತ್ರ ಕಲ್ಲು. ಹೆಚ್ಚು ಕರೆದರೆ, ಅಂಗೈಯನ್ನು ಮುಖದ ಮುಂದೆ ಗಾಜು ಒರೆಸಿದ ಹಾಗೆ ಆಡಿಸುತ್ತಾನೆ. ಸಾಕು ಬಿಡು, ಎಂಬಂತೆ. ಮೂವತ್ತು ವರ್ಷದ ಸಂಸಾರದಲ್ಲಿ ಚಂದ್ರಬಾಯಿಯನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಆ ಅಂಗೈ. "ನೊಣಾ ಹೊಡದಂಗ ಹೊಡೀತಾನ ನನ್ನ ಮಾತ್ನ," ಅನ್ನುತ್ತಿದ್ದಳು.

ದಾನೇಶ್ವರಿ ಸಣ್ಣವಳಿದ್ದಾಗ ಇದನ್ನೇ ಅಜ್ಜಿಗೆ ಕೇಳಿದ್ದಳು. ಅಪ್ಪ ಯಾಕ ನಾ ಕರದ್ರ ತಿರುಗಂಗಿಲ್ಲ? ಜಟ್ಟೆಪ್ಪನ ತಾಯಿ, ಹೇಳಲು ಕತೆ ಇಲ್ಲ ಎಂದವಳೇ ಅಲ್ಲ. ಭಿವಂಡಿಯಾಗ ಮಗ್ಗದ ಹೊಟ್ಟಿಯೊಳಗ ಒಬ್ಬಾಕಿ ರಾಕ್ಷಸಿ ಅದಾಳ, ಅಂದಿದ್ದಳು. ಆಕಿಗೆ ಅನ್ನ ಬ್ಯಾಡ, ನೀರು ಬ್ಯಾಡ. ದಿನಾ ಒಂದು ಬೊಗಸಿ ಸಪ್ಪಳ ಬೇಕು. ನಿಮ್ಮಪ್ಪ ಮುಂಜಾನೆ ಹಕ್ಕಿ ಸಪ್ಪಳ ಕೊಟ್ಟಾನ, ಸಂಜಿಕ ಬಳಿ ಸಪ್ಪಳ ಕೊಟ್ಟಾನ. ಆಕಿ ನುಂಗಿ ನುಂಗಿ ಇವಗ ಅರಿವಿ ನೇದು ಕೊಡ್ತಾಳ. ಆ ಅರಿವಿ ಮಾರೇ ನಿನಗ ಈ ಪರಕಾರ ಬಂದದ್ದು. ಪುಟ್ಟ ದಾನಿ ತನ್ನ ಹೊಸ ಲಂಗವನ್ನು ಕಿವಿಗೆ ಹಿಡಿದು, ಒಳಗೆ ಹಕ್ಕಿ ಕೂಗುತ್ತದೆಯೇ ಎಂದು ಆಲಿಸಿದ್ದಳು. ಆಮೇಲೆ ಅಜ್ಜಿ ತೀರಿಕೊಂಡಳು, ದಾನಿ ದೊಡ್ಡವಳಾದಳು, ಕತೆ ಕತೆಯಾಗಿಯೇ ಉಳಿಯಿತು.

ಆ ಶುಕ್ರವಾರ ಊಟದ ಹೊತ್ತಿನಲ್ಲಿ ಅವಳ ಮುಖ ನೋಡಿದ ಸೌಜನ್ಯ ಡಬ್ಬಿಯ ಮುಚ್ಚಳವನ್ನು ಮೇಜಿಗೆ ಕುಟ್ಟಿದಳು. ಸೌಜನ್ಯ ಪಕ್ಕದ ಕಂಪ್ಯೂಟರಿನವಳು. ಊರು ಉಡುಪಿ ಕಡೆ, ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿ.

"ಎಂತದು ಮಾರಾಯ್ತಿ, ಮೂರು ವಾರದಿಂದ ಈ ಮೋರೆ? ಭಾನುವಾರ ಸಂಜೆ ಬಾ ನಮ್ಮಲ್ಲಿಗೆ. ಕನ್ನಡದವರ ಸಂಘದ ಹಾಲ್‌ನಲ್ಲಿ ಫಿಲ್ಮ್ ಉಂಟು."

"ಹೀರೋ ಯಾರು?"

"ಹೀರೋ ಗೀರೋ ಎಂತ ಇಲ್ಲ. ಡಾಕ್ಯುಮೆಂಟರಿ. ತಿಂಗಳಿಗೊಂದು ತೋರಿಸ್ತಾರೆ. ಹೋದ ತಿಂಗಳು ಗಟಾರಕ್ಕೆ ಇಳಿಯುವವರದ್ದು, ಅದಕ್ಕೆ ಮೊದಲು ಲೋಕಲ್‌ನಲ್ಲಿ ಹೋಗುವ ಹೆಂಗಸರು ಯಾಕೆ ನೀರು ಕುಡಿಯುವುದಿಲ್ಲ ಅಂತ. ಈ ಸಲದ್ದು ಭಿವಂಡಿಯದ್ದಂತೆ, ಲೂಮಿನದ್ದು. ನಿನ್ನ ಅಪ್ಪನ ಊರಲ್ವಾ?"

"ನಮ್ಮಪ್ಪನ ಊರು ಇಂಡಿ."

"ಇರ್ಲಿ, ಬಾ. ನಮ್ಮಪ್ಪನ ಹೋಟೇಲಿಂದ ಗೋಳಿಬಜೆ ಬರ್ತದೆ."

ಮನೆಯ ಮೌನದಿಂದ ಎರಡು ಗಂಟೆ ತಪ್ಪಿಸಿಕೊಂಡರೆ ಸಾಕಾಗಿತ್ತು. ದಾನೇಶ್ವರಿ ಹೋದಳು.

ಹಾಲಿನಲ್ಲಿ ಮೂವತ್ತು ಮೂವತ್ತೈದು ಜನ. ಗೋಡೆಗೆ ಬಿಳಿಯ ಪಂಚೆ ಕಟ್ಟಿದ್ದರು. ನಡೆಸುವವರು ನಾಗರಾಜ ಸರ್, ಮೈಸೂರಿನವರು, ನಿವೃತ್ತ ಬ್ಯಾಂಕ್ ಅಧಿಕಾರಿ. ಅವರದೊಂದು ನಿಯಮವಿತ್ತು. ಫಿಲ್ಮ್ ಮುಗಿದ ಮೇಲೆ ಕುರ್ಚಿಗಳನ್ನು ಗುಂಡಗೆ ಹಾಕಬೇಕು, ಪ್ರತಿಯೊಬ್ಬರೂ ಒಂದು ಮಾತು ಹೇಳಬೇಕು, ಹೇಳದೆ ಬಜೆಗೆ ಕೈ ಹಾಕುವಂತಿಲ್ಲ.

"ಸಮಾಜ, ಸರ್ಕಾರ, ವ್ಯವಸ್ಥೆ, ಈ ಮೂರು ಪದ ಬೇಡ," ಅಂದರು ಅವರು ಮೊದಲೇ. "ಅದನ್ನ ಪೇಪರಿನೋರು ಬರೀತಾರೆ. ನೀವು ನಿಮ್ಮ ಮನೆ ಬಗ್ಗೆ ಹೇಳಿ. ನೋಡ್ತಾ ನೋಡ್ತಾ ನಿಮ್ಮನೇಲಿ ಯಾರು ನೆನಪಾದ್ರು, ಅಷ್ಟೇ."

ದೀಪ ಆರಿತು. ಎಪ್ಪತ್ತು ಮಗ್ಗಗಳು ಒಮ್ಮೆಗೇ ಹೊಡೆದುಕೊಳ್ಳುವ ಸದ್ದು ಹಾಲಿನ ತಗಡಿನ ಮಾಡನ್ನೇ ನಡುಗಿಸಿತು. ಮುಂದಿನ ಸಾಲಿನ ಅಜ್ಜಿಯರು ಕಿವಿ ಮುಚ್ಚಿಕೊಂಡರು. ಯಾರೋ "ಆವಾಜ್ ಕಮ್ಮಿ ಮಾಡ್ರೀ!" ಅಂದರು. ನಾಗರಾಜ ಸರ್ ಕತ್ತಲಲ್ಲೇ ಕೂಗಿದರು: "ಅವರು ಹನ್ನೆರಡು ಗಂಟೆ ಕೇಳ್ತಾರೆ, ನಾವು ಎರಡು ನಿಮಿಷ ಕೇಳೋಣ!"

ಪಂಚೆಯ ಮೇಲೆ ಕೆಲಸಗಾರರು ಮಗ್ಗಗಳ ಇಕ್ಕಟ್ಟಿನಲ್ಲಿ ಓಡಾಡುತ್ತಿದ್ದರು, ಕೂದಲ ಮೇಲೆ ಹತ್ತಿಯ ಧೂಳು. ಅವರಲ್ಲಿ ಒಬ್ಬ, ನಾಲ್ಕು ಮಗ್ಗದಾಚೆ ಇದ್ದವನಿಗೆ ಏನೋ ಹೇಳಿದ. ಬಾಯಿಂದಲ್ಲ. ಕಿರುಬೆರಳನ್ನು ಕೆಳತುಟಿಗೆ ಎರಡು ಸಲ ತಟ್ಟಿದ. ಚಹಾ ಬಂತು.

ದಾನೇಶ್ವರಿ ಮುಂದಕ್ಕೆ ಬಾಗಿದಳು. ಅಪ್ಪ ಚಹಾ ಕೇಳುವುದು ಹಾಗೆಯೇ. ಅದು ಅಪ್ಪನೊಬ್ಬನ ಚಟ ಅಂದುಕೊಂಡಿದ್ದಳು.

ಆ ಮನುಷ್ಯ ಕ್ಯಾಮೆರಾದವರಿಗೆ ಒಂದೊಂದನ್ನೇ ತೋರಿಸಿದ, ಮಗುವಿಗೆ ಅಕ್ಷರ ಕಲಿಸುವವನ ಹಾಗೆ. ಎರಡು ಬೆರಳು ಹೆಗಲ ಮೇಲೆ: ಎಳೆ ಹರಿದಿದೆ. ಮುಷ್ಟಿ ನೆತ್ತಿಯ ಮೇಲೆ: ಸೇಠ್ ಬರುತ್ತಿದ್ದಾನೆ. ಆಮೇಲೆ ಅಂಗೈಯನ್ನು ಮುಖದ ಮುಂದೆ ಗಾಜು ಒರೆಸಿದಂತೆ ಆಡಿಸಿದ. "ಇದಾ? ಇದು, ಮುಖ ಈ ಕಡೆ ತಿರುಗಿಸು ಅಂತ," ಅಂದ ಹಿಂದಿಯಲ್ಲಿ. "ಬಾಯಿ ಕಾಣದಿದ್ದರೆ ನೀನು ಹೇಳಿದ್ದು ನನಗೆ ಹೇಗೆ ತಿಳಿಯಬೇಕು?"

ಅವಳು ಸೌಜನ್ಯಳ ಕೈ ಹಿಡಿದುಕೊಂಡಳು. ಸೌಜನ್ಯ ಹೆದರಿಕೆಯ ದೃಶ್ಯವೇನಾದರೂ ತಪ್ಪಿಹೋಯಿತೇ ಎಂದು ಸುತ್ತ ನೋಡಿದಳು.

ಆಮೇಲೆ ಒಬ್ಬ ಡಾಕ್ಟರಮ್ಮ ಬಂದಳು. ಮಗ್ಗದ ಸದ್ದಿಗೆ ಕಿವಿ ಒಂದೇ ಸಲ ಹೋಗುವುದಿಲ್ಲ, ಅಂದಳು. ಸಣ್ಣ ದನಿಗಳು ಮೊದಲು ಹೋಗುತ್ತವೆ. ಹಕ್ಕಿಯದು, ಮಕ್ಕಳದು, ಹೆಂಗಸರದು. ಟ್ರಕ್ಕಿನ ಹಾರ್ನು, ಗುಡುಗು, ಗಂಡಸರ ದಪ್ಪ ದನಿ ಉಳಿಯುತ್ತವೆ. ಅದಕ್ಕೇ ಇವರಲ್ಲಿ ಎಷ್ಟೋ ಜನರ ಮನೆಯಲ್ಲಿ, ಇವನಿಗೆ ಹೊರಗಿನವರ ಮಾತು ಕೇಳುತ್ತದೆ, ನಮ್ಮದು ಬೇಡವಾಗಿದೆ ಎಂದು ಹೆಂಡಿರು ಮಕ್ಕಳು ನೊಂದುಕೊಂಡಿರುತ್ತಾರೆ.

ಕೊನೆಯಲ್ಲಿ ಆ ಕೈಮಾತಿನ ಮನುಷ್ಯನೇ ಮತ್ತೆ ಬಂದ. ಮನೆಯಲ್ಲಿ ಹೇಳಿದ್ದೀರಾ, ಎಂದು ಯಾರೋ ಕೇಳಿದರು. ಅವನು ಕೇಳಿದವರ ತುಟಿಯನ್ನೇ ನೋಡಿ, ನಕ್ಕು, ಇಲ್ಲವೆಂದು ತಲೆಯಾಡಿಸಿದ. "ಸಿಟ್ಟಿನವನು ಅಂತ ತಿಳಿದುಕೊಂಡಿದ್ದಾರೆ. ಇರಲಿ. ಸಿಟ್ಟಿನವನನ್ನು ನೋಡಿ ಯಾರೂ ನಗುವುದಿಲ್ಲ."

ದೀಪ ಹತ್ತಿತು. ಕುರ್ಚಿಗಳನ್ನು ಎಳೆದು ಗುಂಡಗೆ ಹಾಕಿದರು. ಮೊದಲು ಮಾತಾಡಿದ್ದು ಸೌಜನ್ಯಳ ಅಪ್ಪ, ಹೋಟೇಲಿನ ವಸಂತಕುಮಾರರು. "ನಂದು ಇಷ್ಟೇ. ನಮ್ಮ ಕಿಚನ್ನಿನ ದೊಡ್ಡ ಫ್ಯಾನುಂಟಲ್ಲ, ಅದರ ಕೆಳಗೆ ದೋಸೆ ಹಾಕುವ ದಯಾನಂದ ಹದಿನೈದು ವರ್ಷದಿಂದ ನಿಂತಿದ್ದಾನೆ. ಕರೆದ್ರೆ ಓ ಅನ್ನುದಿಲ್ಲ ಅಂತ ನಾನು ಬೈದದ್ದಕ್ಕೆ ಲೆಕ್ಕ ಇಲ್ಲ. ನಾಳೆ ಫ್ಯಾನ್ ಬದಲು. ಅವನನ್ನು ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೇನೆ." ಇನ್ನೊಬ್ಬಾಕೆ ತನ್ನ ಅಲ್ಮೇರಾದ ಬೆಡ್‌ಶೀಟುಗಳು ಎಲ್ಲಿ ನೇಯ್ದವೋ ಎಂದು ಯೋಚಿಸಿದೆ ಎಂದಳು. ಮತ್ತೊಬ್ಬರು, ನನಗೆ ಯಾರೂ ನೆನಪಾಗಲಿಲ್ಲ, ಅದೇ ಬೇಜಾರು ಎಂದರು. ನಾಗರಾಜ ಸರ್‌ಗೆ ಆ ಮಾತು ಬಹಳ ಹಿಡಿಸಿತು.

ಸರದಿ ದಾನೇಶ್ವರಿಗೆ ಬಂತು. ಇವರೆಲ್ಲರ ಪುಸ್ತಕದಂಥ ಕನ್ನಡದ ನಡುವೆ ತನ್ನ ಮನೆಯ ಕನ್ನಡ ತೆರೆಯಲು ಅವಳಿಗೆ ಯಾವಾಗಲೂ ಸಂಕೋಚ. ಹಿಂದಿಯಲ್ಲಿ ಎರಡು ಮಾತು ಹೇಳಿ ಕೂರೋಣವೆಂದೇ ಎದ್ದಳು. ಆದರೆ ಬಾಯಿಗೆ ಬಂದದ್ದು ಮನೆಯ ಮಾತೇ.

"ನಮ್ಮಪ್ಪಗ ಕಿವಿ ಕೇಳಂಗಿಲ್ಲ," ಅಂದಳು. "ನನಗ ಅದು ಈಗ ಗೊತ್ತಾತು. ಇದ ಕುರ್ಚಿ ಮ್ಯಾಲ ಕುಂತಾಗ."

ಅಜ್ಜಿಗೆ ಗೊತ್ತಿತ್ತು, ಎಂದು ದಾನೇಶ್ವರಿಗೆ ಆಗ ಹೊಳೆಯಿತು. ಮಗನ ಮರ್ಯಾದೆಯನ್ನೂ ಕಾಯಬೇಕು, ಮೊಮ್ಮಗಳಿಗೆ ಸುಳ್ಳನ್ನೂ ಹೇಳಬಾರದು. ಅಷ್ಟು ಇಕ್ಕಟ್ಟಿನಲ್ಲಿ ಅಜ್ಜಿ ರಾಕ್ಷಸಿಯನ್ನು ಕರೆತಂದಿದ್ದಳು. ದಾನೇಶ್ವರಿ ಅಷ್ಟಕ್ಕೇ ಕೂತುಬಿಟ್ಟಳು. ನಾಗರಾಜ ಸರ್ ತಮ್ಮ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. "ಫಿಲ್ಮಿನ ಲಿಂಕ್ ಕಳಿಸ್ತೀನಮ್ಮ," ಅಂದರು. "ಠಾಣೆಯಲ್ಲಿ ನನಗೆ ಗೊತ್ತಿರೋ ಕಿವಿ ಡಾಕ್ಟ್ರ ನಂಬರೂ ಕಳಿಸ್ತೀನಿ. ಆದ್ರೆ ಮೊದಲು ಲಿಂಕು."

ಸ್ಟೇಷನ್ನಿಗೆ ನಡೆಯುವಾಗ ಸೌಜನ್ಯ ಅವಳ ತೋಳಿಗೆ ತೋಳು ಸೇರಿಸಿದಳು. "ಹೋಗಿ ಅಮ್ಮನಿಗೆ ಹೇಳಿಬಿಡು."

"ಹೇಳಿದ್ರ ನಂಬಂಗಿಲ್ಲ ಆಕಿ. ಅಪ್ಪನ ಪರ ವಕೀಲಕಿ ಮಾಡ್ಲಾಕ ಬಂದಿ ಅಂತಾಳ."

"ಹಾಗಾದ್ರೆ ಹೇಳ್ಬೇಡ. ತೋರಿಸು."

ಮನೆಗೆ ಬಂದಾಗ ಜಟ್ಟೆಪ್ಪ ಆಗಲೇ ಪಾಳಿಗೆ ಹೋಗಿದ್ದ. ಚಂದ್ರಬಾಯಿ ನೆಲದ ಮೇಲೆ ಕೂತು ಎಡಗೈಯಲ್ಲಿ ಮೆಂತೆಪಲ್ಲೆ ಸೋಸುತ್ತಿದ್ದಳು. ದಾನೇಶ್ವರಿಗೆ ತಡೆಯಲಾಗಲಿಲ್ಲ, ತೋರಿಸುವ ಮೊದಲೇ ಹೇಳಿಬಿಟ್ಟಳು.

ಚಂದ್ರಬಾಯಿ ತಲೆ ಎತ್ತಲಿಲ್ಲ. "ಕಿವುಡ? ಆ ಮನಷಾ? ಮನ್ನಿ ನಾ ಸಾವಂತ ಕಾಕು ಮುಂದ ಅವನ ಬೋಳತಲಿ ಬಗ್ಗೆ ಪಿಸಪಿಸ ಅಂದದ್ದು, ಅಲ್ಲೆ ಕಿಟಕಿ ಕಡೆ ಕುಂತು ಕೇಳಿಸಿಕೊಂಡು ನಕ್ಕ. ಬೈದ್ರ ಕೇಳತೈತಿ, ಕರದ್ರ ಕೇಳಂಗಿಲ್ಲ? ಎಂಥಾ ಕಿವಿನವ್ವಾ ಅವು!"

"ಕೇಳಿಸಿಕೊಳ್ಳಲಿಲ್ಲ ಅವ್ವಾ. ನೋಡಿದ."

"ಏನ ನೋಡಿದ?"

"ನಿನ್ನ ಬಾಯಿ."

ಚಂದ್ರಬಾಯಿಯ ಕೈ ನಿಂತಿತು. ಆಮೇಲೆ ಮತ್ತೆ ಸೋಸಲು ಹತ್ತಿತು, ಸ್ವಲ್ಪ ಬಿರುಸಾಗಿ. "ಆಫೀಸಿಗೆ ಹೋಗಿ ಶ್ಯಾಣ್ಯಾಕಿ ಆಗೀದಿ," ಅಂದಳು.

ದಾನೇಶ್ವರಿ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಲಿಂಕು ಒತ್ತಿದಳು. ಮಗ್ಗಗಳ ಸದ್ದು ಬಂದಾಗ ಚಂದ್ರಬಾಯಿ ಓರೆಗಣ್ಣಿನಲ್ಲಿ ನೋಡಿದಳು. ಮದುವೆಯಾಗಿ ಮೂವತ್ತು ವರ್ಷವಾದರೂ ಗಂಡ ದುಡಿದ ಜಾಗ ಒಳಗಿನಿಂದ ಹೇಗಿರುತ್ತದೆಂದು ಅವಳು ಕಂಡೇ ಇರಲಿಲ್ಲ. ಹೆಂಗಸರನ್ನು ಅಲ್ಲಿಗೆ ಯಾರು ಬಿಡುತ್ತಾರೆ? "ಇಷ್ಟು ಇಕ್ಕಟ್ಟೇನ?" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಒಂದೂ ಕಿಟಕಿ ಇಲ್ಲಲ್ಲ," ಅಂದಳು. ಕಿರುಬೆರಳು ತುಟಿಗೆ ತಟ್ಟಿದಾಗ ಅವಳ ಬಾಯಿ ತೆರೆಯಿತು. ಅಂಗೈ ಮುಖದ ಮುಂದೆ ಆಡಿದಾಗ ಆ ಬಾಯಿ ಮುಚ್ಚಿಕೊಂಡಿತು.

ಡಾಕ್ಟರಮ್ಮ ಮಾತಾಡಿ ಮುಗಿಸಿದಳು. "ಹಿಂದ ತಗೊಂಡು ಹೋಗು," ಅಂದಳು ಚಂದ್ರಬಾಯಿ. "ಆ ಡಾಕ್ಟರ ಬಾಯಿ ಹೇಳಿದ್ದು ಮತ್ತೊಮ್ಮೆ ಹಚ್ಚು."

ಮೂರು ಸಲ ಹಚ್ಚಿಸಿದಳು. ಆಮೇಲೆ ಸೋಸಿದ ಪಲ್ಲೆಯನ್ನೂ ಸೋಸದ ಪಲ್ಲೆಯನ್ನೂ ಒಂದೇ ಬುಟ್ಟಿಗೆ ಹಾಕಿ, ಉಣ್ಣದೆ, ಗೋಡೆಯ ಕಡೆ ತಿರುಗಿ ಮಲಗಿದಳು. ಪ್ರತಿಕ್ರಿಯೆ ಹೇಳದೆ ಬಜೆಗೆ ಕೈ ಹಾಕಬಾರದೆಂಬ ನಿಯಮ ಆ ಮನೆಯಲ್ಲಿರಲಿಲ್ಲ. ಆದರೂ ವಸಂತಕುಮಾರರು ಕಟ್ಟಿಕೊಟ್ಟ ಗೋಳಿಬಜೆ ಹಾಗೆಯೇ ತಣ್ಣಗಾಯಿತು.

ಸೋಮವಾರ ದಾನೇಶ್ವರಿಗೆ ಮಧ್ಯಾಹ್ನದ ಪಾಳಿ. ಜಟ್ಟೆಪ್ಪ ಎಂದಿನಂತೆ ಒಂಬತ್ತಕ್ಕೆ ಬಂದ, ಸ್ನಾನ ಮಾಡಿದ, ಬನಿಯನ್ನಿನ ಮೇಲೆ ಟವೆಲ್ಲು ಹಾಕಿಕೊಂಡು ಕಿಟಕಿಯ ಕುರ್ಚಿಯಲ್ಲಿ ಕೂತ. ಬೆಳಗಿನ ಬಿಸಿಲು ಅವನ ಮೊಣಕಾಲ ಮೇಲೆ ಬಿದ್ದಿತ್ತು. ಯಾರ್ಡಿನಲ್ಲಿ ಶಂಟಿಂಗ್ ಇರಲಿಲ್ಲ; ಅಪರೂಪಕ್ಕೆ ಮನೆಯಲ್ಲಿ ಗಡಿಯಾರದ ಟಿಕ್‌ಟಿಕ್ ಕೇಳುವಷ್ಟು ಸುಮ್ಮನಿತ್ತು.

ಚಂದ್ರಬಾಯಿ ಒಳಗಿನಿಂದ ಬಂದು ಅವನ ಕುರ್ಚಿಯ ಹಿಂದೆ ನಿಂತಳು. ನಡುವೆ ಒಂದು ಮೊಳದ ದೂರ. ದಾನೇಶ್ವರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಚಾ ಹಚ್ಚಲೇನ್ರಿ?" ಅಂದಳು ಚಂದ್ರಬಾಯಿ. ಮೂರು ವಾರದಲ್ಲಿ ಗಂಡನಿಗೆ ಹೇಳಿದ ಮೊದಲ ಮಾತು.

ಜಟ್ಟೆಪ್ಪ ಕಿಟಕಿಯಾಚೆ ನೋಡುತ್ತಿದ್ದ.

"ದಾನೀ ಅಪ್ಪಾ. ಚಾ."

ಅವನು ಮೊಣಕಾಲು ಕೆರೆದುಕೊಂಡ.

"ಗುರುವಾರ ಹೋಗ್ತೀನಿ ನಾ," ಅಂದಳು ಅವಳು. ದನಿ ಏರಲಿಲ್ಲ, ಇಳಿಯಿತು. "ಮೋರಿಯಾಗ ಬಿದ್ದಾಗ ಕೈ ಅಷ್ಟೇನ ಬ್ಯಾನಿ ಆಗಲಿಲ್ಲ. ನೀವು ಬರಲಿಲ್ಲಲ್ಲ, ಅದು ಬ್ಯಾನಿ ಆತು. ಇಷ್ಟು ವರ್ಷ ಈ ಮನಷಾಗ ನಾ ಏನೂ ಅಲ್ಲ ಅಂತ ಅವತ್ತ ಖರೇನ ನಂಬಿದೆ. ತಪ್ಪಾತೇನ್ರಿ ನಂದು? ನೀವರೆ ಒಂದು ಮಾತು..."

ಮುಂದೆ ಆಗಲಿಲ್ಲ. ಸೆರಗು ಬಾಯಿಗೆ ಹೋಯಿತು. ಒಂದು ಮೊಳದ ಆಚೆ ಜಟ್ಟೆಪ್ಪನ ಕತ್ತು ಬಿಸಿಲಿಗೆ ಹಾಯಾಗಿ ಬಾಗಿತ್ತು. ಆ ಕತ್ತಿನಲ್ಲಿ ಸಿಟ್ಟಿನ ಒಂದು ಗೆರೆಯೂ ಇರಲಿಲ್ಲ. ಅಲ್ಲಿ ಯಾರಾದರೂ ಇದ್ದಾರೆ ಎಂಬ ಸುಳಿವೂ ಇರಲಿಲ್ಲ.

ತಂಬಾಕಿನ ಡಬ್ಬಿಗೆಂದು ಅವನು ತಾನಾಗಿಯೇ ಹೊರಳಿದ. ಕಣ್ಣೀರಿನಲ್ಲಿ ತೊಯ್ದ ಎರಡು ಮುಖ ಕಂಡು ಧಡಕ್ಕನೆ ಎದ್ದ. "ಯಾಕ? ಏನಾತು? ಯಾರು ಹ್ವಾದ್ರು?" ಅಂದ. "ಸೋಲಾಪುರದಿಂದ ಫೋನ್ ಬಂತೇನು?"

ಚಂದ್ರಬಾಯಿ ಕುರ್ಚಿಯನ್ನು ಸುತ್ತಿ ಬಂದಳು. ಅವನನ್ನು ಕೂರಿಸಿ, ತಾನು ಎದುರಿನ ಮಂಚದ ಅಂಚಿಗೆ ಕೂತಳು. ಬಿಸಿಲು ಅವಳ ಮುಖಕ್ಕೆ ಬೀಳುವಂತೆ ಸರಿದುಕೊಂಡಳು.

"ಯಾವಾಗಿಂದ ಕೇಳವಲ್ದು?" ಅಂದಳು.

ಜಟ್ಟೆಪ್ಪ ಮಗಳನ್ನು ನೋಡಿದ, ಕಿಟಕಿ ನೋಡಿದ. ಎದ್ದು ಹೋಗಲು ದಾರಿ ಹುಡುಕಿದಂತಿತ್ತು. ಹೆಂಡತಿಯ ಮೊಣಕಾಲುಗಳು ದಾರಿಗಡ್ಡವಾಗಿದ್ದವು.

"ನಾ ಬೈಯಂಗಿಲ್ಲ," ಅಂದಳು. "ಹೇಳ್ರಿ."

"ದಾನಿ ಹುಟ್ಟೂಕಿಂತ ಮೊದಲಿಂದ," ಅಂದ ಜಟ್ಟೆಪ್ಪ. ಅವನ ದೊಡ್ಡ ದನಿ ಇಂದು ಸಣ್ಣದಾಗಿತ್ತು; ಅದು ಎಷ್ಟು ಸಣ್ಣದಾಗಿದೆಯೆಂದು ಅವನಿಗೆ ತಿಳಿಯದ ಕಾರಣ ದಾನೇಶ್ವರಿ ಹತ್ತಿರ ಹೋಗಬೇಕಾಯಿತು. "ಮೊದಲ್ನೇ ವರ್ಷನ ಹೇಳಬೇಕಿತ್ತು. ಬಿಟ್ಟೆ. ಆಮೇಲೆ ಹೇಳಾಕ ನಾಚಿಕಿ ಬಂತು. ವರ್ಷ ಹ್ವಾದಂಗ ಅದೂ ಬೆಳೀತು. ಗೋದಾಮಿನಾಗ ಗೊತ್ತಾದ್ರ ನಾಳಿಂದ ಬರಬ್ಯಾಡ ಅಂತಾರ, ಅದೊಂದು."

"ನನಗ ಹೇಳಿದ್ರ ನಾ ಗೋದಾಮಿಗೆ ಹೋಗಿ ಡಂಗುರಾ ಸಾರತಿದ್ನ್ಯಾ?"

ಅವನು ತುಟಿಯನ್ನು ನೋಡಿ, ತಲೆ ತಗ್ಗಿಸಿ ನಕ್ಕ. ಆ ನಗು ಅರ್ಧಕ್ಕೇ ಒಡೆಯಿತು. "ನೀ ಬಿದ್ದದ್ದು ನನಗ ಗೊತ್ತಾಗಿದ್ದು ಸಾವಂತ ಕಾಕು ನನ್ನ ಮುಂದಿಂದ ಓಡಿ ಹ್ವಾದಾಗ. ಅವತ್ತ ದವಾಖಾನಿಯಾಗ ಬಾಯಿ ತನಕ ಬಂದಿತ್ತು ಮಾತು. ಹೇಳಲಿಲ್ಲ. ಹೇಳಿದ್ರ, ನಾ ಮನ್ಯಾಗ ಇದ್ದರೂ ನೀ ಒಬ್ಬಾಕಿನ ಇದ್ದಂಗ ಅಂತ ನಿನಗ ಗೊತ್ತಾಗ್ತಿತ್ತು. ನೀ ಹೆದರ್ತಿದ್ದಿ. ಅದರಕಿಂತ ನನ್ನ ಮ್ಯಾಲ ಸಿಟ್ಟ ಇರಲಿ ಅಂದೆ."

ಚಂದ್ರಬಾಯಿ ಪ್ಲಾಸ್ಟರಿನ ಕೈಯನ್ನು ಅವನ ಮೊಣಕಾಲ ಮೇಲೆ ಇಟ್ಟಳು, ಭಾರವಾದ ಸಾಮಾನನ್ನು ಇಳಿಸಿದ ಹಾಗೆ. ಸ್ವಲ್ಪ ಹೊತ್ತು ಅವಳ ಕಣ್ಣು ಎಲ್ಲೋ ಹಿಂದಕ್ಕೆ ಹೋದಂತಿತ್ತು. ಆಮೇಲೆ ಹುಬ್ಬು ಗಂಟಿಕ್ಕಿತು.

"ಹಂಗಾದ್ರ ಕತ್ತಲದಾಗ?" ಅಂದಳು.

"ಏನು ಕತ್ತಲದಾಗ?"

"ಒಂದ ಖೋಲಿ ಇತ್ತು. ಆ ಕಡೆ ನಿಮ್ಮವ್ವ, ಈ ಕಡೆ ಕೂಸು. ನಿಮ್ಮ ಕೂಡ ನಾಲ್ಕ ಮಾತಾಡಬೇಕಂದ್ರ ದೀಪಾ ಆರಿಸಿದ ಮ್ಯಾಲೆ ಪಿಸಪಿಸ ಅಂತ ಮಾತಾಡ್ತಿದ್ದೆ. ದಿನಾ ಮಾತಾಡ್ತಿದ್ದೆ. ನೀವು ಹೂಂ ಅಂತಿದ್ರಿ."

ಜಟ್ಟೆಪ್ಪ ಕಳ್ಳನಂತೆ ಮಗಳ ಕಡೆ ನೋಡಿದ. "ನಿನ್ನ ಉಸರು ಗಲ್ಲಕ್ಕ ಹತ್ತತಿತ್ತು," ಅಂದ. "ಉಸರು ನಿಂತಾಗೊಮ್ಮೆ ಹೂಂ ಅಂತಿದ್ದೆ."

"ಅಯ್ಯ ಶಿವನ!" ಚಂದ್ರಬಾಯಿ ಎಡಗೈಯಿಂದ ಹಣೆ ಹೊಡೆದುಕೊಂಡಳು. "ಗುಡ್ಡಾಪುರದ ತಾಯಿಗೆ ಹರಕಿ ಹೊತ್ತೀನಿ, ಹೆಣ್ಣಾದ್ರ ದಾನೇಶ್ವರಿ ಅಂತ ಇಡೂನೇನು ಅಂತ ಕೇಳಿದ್ದೆ. ಹೂಂ ಅಂದ್ರಿ!"

"ನನಗ ತೊಟ್ಟಲಾ ಕಟ್ಟಿದ ದಿನಾನ ಗೊತ್ತಾತು ಆ ಹೆಸರು," ಅಂದ ಜಟ್ಟೆಪ್ಪ. "ನಾ ಬ್ಯಾರೆ ಅನ್ಕೊಂಡಿದ್ದೆ."

"ಏನ್ ಅನ್ಕೊಂಡಿದ್ದಿ ಅಪ್ಪಾ?" ದಾನೇಶ್ವರಿ ಅಮ್ಮನ ಪಕ್ಕಕ್ಕೆ, ಅವನಿಗೆ ಕಾಣುವಂತೆ, ಬಂದು ಕೂತಳು.

ಅವನು ನಾಚಿದ. ಐವತ್ತೆಂಟರ ಗಂಡಸು, ಗೋದಾಮಿನ ವಾಚಮನ್, ಟವೆಲ್ಲಿನ ತುದಿ ಬೆರಳಿಗೆ ಸುತ್ತಿಕೊಂಡ. "ರೇಷ್ಮಾ ಅಂತ. ನೇದದ್ದೆಲ್ಲಾ ಬರೇ ಹತ್ತಿ ಅರಿವಿ. ಮನ್ಯಾಗರೆ ಒಂದು ರೇಷ್ಮಿ ಇರಲಿ ಅಂತ."

ಚಂದ್ರಬಾಯಿಗೆ ನಗು ಬಂತೋ ಅಳು ಬಂತೋ, ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು. ಸದ್ದಿಗೆ ಸಾವಂತ ಕಾಕು ಬಾಗಿಲಿಗೆ ಬಂದು "ಕಾಯ್ ಝಾಲಂ ಗ?" ಎಂದು ಇಣುಕಿದಳು. ಏನಿಲ್ಲ, ನಮ್ಮ ಮನೆಯವರ ಜೊತೆ ಮಾತಾಡುತ್ತಿದ್ದೇನೆ, ಎಂದು ಚಂದ್ರಬಾಯಿ ಮರಾಠಿಯಲ್ಲಿ ಹೇಳಿದಳು. ಕಾಕು ಮೂವರನ್ನೂ ಒಮ್ಮೆ ನೋಡಿ, ಬಾಗಿಲನ್ನು ತಾನೇ ಮೆಲ್ಲಗೆ ಎಳೆದುಕೊಂಡು ಹೋದಳು.

"ಮೂವತ್ತು ವರ್ಷದ್ದು ಐತಿ," ಅಂದಳು ಚಂದ್ರಬಾಯಿ ಗಂಡನಿಗೆ. "ಒಂದೂ ಮುಟ್ಟಿಲ್ಲ ನಿಮಗ. ನಮ್ಮಪ್ಪ ಸತ್ತಾಗ ನಾ ಏನೇನಂದೆ, ಮುಟ್ಟಿಲ್ಲ. ಮೊದಲ್ನೇ ಸಲ ಈ ಊರಿಗೆ ಬಂದಾಗ ಸ್ಟೇಶನ್ನಿನಾಗ ನಿಮ್ಮ ಅಂಗಿ ಅಂತ ಯಾವನೋ ಅಂಗಿ ಹಿಡಕೊಂಡು ಅರ್ಧಾ ದಾರಿ ಹ್ವಾದದ್ದು ಸೈತ ಹೇಳಿದ್ದೆ."

"ಯಾವನ ಅಂಗಿ?" ಜಟ್ಟೆಪ್ಪನ ಕಣ್ಣು ದೊಡ್ಡದಾಯಿತು.

"ಹೇಳ್ತೀನಿ ಸುಮ್ಮಕುಂಡ್ರಿ. ಈಗ ನಿದ್ದಿಗೆಟ್ಟು ಬಂದೀರಿ. ಮೊದಲು ಮಲಗ್ರಿ." ಅವಳು ಮಗಳ ಕಡೆ ತಿರುಗಿದಳು, ಥಟ್ಟನೆ ನೆನಪಾಗಿ ಮುಖವನ್ನು ಮತ್ತೆ ಗಂಡನ ಕಡೆಗೇ ಇಟ್ಟುಕೊಂಡು ಹೇಳಿದಳು: "ದಾನಿ, ಗುರುವಾರದ ಟಿಕೀಟ ರದ್ದ ಮಾಡಂತ ನಮ್ಮಣ್ಣನ ಮಗಗ ಹೇಳು. ಹಗಲಗಾಡಿ ನೋಡು. ಬೆಳಕಿರಬೇಕು. ಎರಡ ಸೀಟ."

"ಎರಡು?" ಅಂದ ಜಟ್ಟೆಪ್ಪ. "ನನಗ ಸುಟ್ಟಿ ಕೊಡಂಗಿಲ್ಲ."

"ಮಾವನ ಮನಿಗೆ ಹೋಗಬೇಕು, ಹೆಂಡ್ತಿ ಕೈ ಮುರದೈತಿ ಅನ್ರಿ. ಸುಳ್ಳೇನಲ್ಲಲ್ಲ?"

"ಬಂದ ಮ್ಯಾಲೆ ಠಾಣೆಗೆ ಡಾಕ್ಟರ ಕಡೆ ಹೋಗೂದೈತಿ ಅಪ್ಪಾ," ಅಂದಳು ದಾನೇಶ್ವರಿ. "ಕಿವಿಗೆ ಹಾಕೂ ಮಷೀನ್ ಕೊಡ್ತಾರ."

"ನೋಡೂನು," ಅಂದ ಅವನು. ಅವನ ಬಾಯಲ್ಲಿ ನೋಡೂನು ಎಂದರೆ ಇಲ್ಲ ಎಂದಲ್ಲ. ಅಷ್ಟಾದರೂ ಮಗಳಿಗೆ ಗೊತ್ತಿತ್ತು.

ದಾನೇಶ್ವರಿ ಮೊಬೈಲಿನಲ್ಲಿ ಹುಡುಕಿದಳು. ಗುರುವಾರ ಬೆಳಗಿನ ಗಾಡಿ, ಕಲ್ಯಾಣದಿಂದ ಸೋಲಾಪುರ, ಎರಡು ಸೀಟು. ಎಲ್ಲಾ ತುಂಬಿತ್ತು. "ಆರ್‌ಎಸಿ ಅಷ್ಟ ಐತಿ ಅವ್ವಾ," ಅಂದಳು ಪೆಚ್ಚಾಗಿ. "ಬ್ಯಾಡ ಬಿಡು, ಶನಿವಾರ ನೋಡ್ತೀನಿ."

"ಹಂಗಂದ್ರ ಏನು?"

"ಇಬ್ಬರಿಗೂ ಸೇರಿ ಒಂದ ಬರ್ತು. ಬಾಜೂಕಿನ ಸಣ್ಣ ಕಿಟಕಿ ಕಡೇದು. ಕಾಲ ಚಾಚಾಕ ಬರಂಗಿಲ್ಲ. ಈ ತುದಿಗೆ ಒಬ್ಬರು, ಆ ತುದಿಗೆ ಒಬ್ಬರು, ಮಾರಿಗೆ ಮಾರಿ ಕೊಟ್ಟು ಕುಂಡ್ರಬೇಕು, ಸೋಲಾಪುರ ಬರೂತನಕ."

ಮೊದಲು ಮಾತಾಡಿದ್ದು ಜಟ್ಟೆಪ್ಪ. ಅವನು ಮಗಳ ತುಟಿಯನ್ನೇ ನೋಡುತ್ತ ಕೂತಿದ್ದ.

"ಅದನ್ನ ತಗೀ," ಅಂದ.

"ಬರೂದಕ್ಕೂ ಅದನ್ನ ನೋಡು," ಅಂದಳು ಚಂದ್ರಬಾಯಿ. "ಎಂಟ ತಾಸಿನಾಗ ಮುಗಿಯಂಗಿಲ್ಲ ನಂದು."